ಅದ್ಭುತ ಕಥೆಗೆ ಅವಸರವೇಕೆ?

ಕಥೆ ಬರೆಯಲು ಹೊರಟ ತರುಣರಿಗೆ ಈಚೆಗೆ ಎಲ್ಲ ದಿಕ್ಕಿನಿಂದಲೂ ಒಂದೇ ಉಪದೇಶ ದೊರೆಯುತ್ತಿದೆ. ‘ಓಟವಿರಲಿ, ಓದುಗನಿಗೆ ಉಸಿರಾಡಲು ಬಿಡುವು ಕೊಡಬೇಡಿ, ಪುಟಕ್ಕೊಂದು ಘಟನೆ ನಡೆಯಲಿ, ಸಾಧ್ಯವಾದರೆ ಮೊದಲ ಪುಟದಲ್ಲಿಯೇ ಯಾರಾದರೂ ಸಾಯಲಿ.’ ಕಥಾಕಮ್ಮಟಗಳಲ್ಲಿ ಇದನ್ನೇ ಹೇಳುತ್ತಾರೆ. ಸ್ಪರ್ಧೆಯ ತೀರ್ಪುಗಾರರು ಇದನ್ನೇ ಹೇಳುತ್ತಾರೆ. ಪ್ರಕಾಶಕರು ಇದನ್ನೇ ಹೇಳುತ್ತಾರೆ. ಮಾಂತ್ರಿಕ, ಹಾರುವ ಕುದುರೆ, ಏಳು ಸಮುದ್ರದಾಚೆಯ ಗಿಳಿ ಇವನ್ನೆಲ್ಲ ಹೊಸದಾಗಿ ಹೇಳಬೇಕೆಂದು, ‘ಫ್ಯಾಂಟಸಿ’ ಎಂಬ ಹೆಸರಿನಲ್ಲಿ ಅದ್ಭುತ ಕಥೆ ಬರೆಯುವವರಿಗಂತೂ ಈ ಉಪದೇಶ ಎರಡು ಪಾಲು. ಅದ್ಭುತ ಕಥೆಯೆಂದರೆ ಸಾಹಸ, ಸಾಹಸವೆಂದರೆ ವೇಗ, ಆದ್ದರಿಂದ ಅದ್ಭುತ ಕಥೆಯೆಂದರೆ ವೇಗ. ತರ್ಕ ಇಷ್ಟು ಸರಳ.

ಈ ತರ್ಕ ತಪ್ಪು ಎಂಬುದು ನನ್ನ ವಾದ. ವೇಗ ಬೇರೆ, ಸಾಹಸ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿ ಬರೆದ ಕಥೆಯಲ್ಲಿ ಓಟವೇನೋ ಇರುತ್ತದೆ, ಅದ್ಭುತ ಮಾತ್ರ ಇರುವುದಿಲ್ಲ. ಇಷ್ಟು ಖಂಡಿತವಾಗಿ ಹೇಳುವುದಕ್ಕೆ ನನಗೆ ಒಂದು ಕಾರಣವಿದೆ. ಆ ತಪ್ಪು ಉಪದೇಶವನ್ನು ಕೊಟ್ಟವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಕೆಳಗೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಒಂದು ಹಸ್ತಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ‘ಬಿಡುವಾದಾಗ ನೋಡಿ ಸಾರ್, ಅವಸರವೇನೂ ಇಲ್ಲ’ ಎಂದ. ಅವನಿಗಿಲ್ಲದ ಅವಸರ ನನಗೆ ಬಂದದ್ದೇ ಈ ಪ್ರಕರಣದ ಮೂಲ. ಕಥೆ ಒಂದು ಕೆರೆಯದು. ಕೆರೆಯ ತಳದಲ್ಲಿ ಮುಳುಗಿದ ಊರೊಂದಿದೆ. ಅಮಾವಾಸ್ಯೆಯ ರಾತ್ರಿ ಅಲ್ಲಿನ ಗುಡಿಯ ಗಂಟೆ ಮೇಲಕ್ಕೆ ಕೇಳಿಸುತ್ತದೆ. ಆ ಸದ್ದಿನ ಬೆನ್ನುಹತ್ತಿ ನೀರಿಗಿಳಿದ ತಮ್ಮನನ್ನು ಕರೆತರಲು ಕುಂಬಾರರ ಹುಡುಗಿಯೊಬ್ಬಳು ಕೆರೆಗೆ ಇಳಿಯುತ್ತಾಳೆ. ಒಳ್ಳೆಯ ಕಥೆ. ಆದರೆ ಹುಡುಗಿ ನೀರಿಗೆ ಇಳಿಯುವುದು ಅರುವತ್ತನೆಯ ಪುಟದಲ್ಲಿ. ಅದಕ್ಕೆ ಮುಂಚೆ ಅವಳು ಮಣ್ಣು ತುಳಿಯುತ್ತಾಳೆ, ತಮ್ಮನೊಡನೆ ಜಗಳವಾಡುತ್ತಾಳೆ, ಅವನು ಕದ್ದು ತಿಂದ ಬೆಲ್ಲದ ಅಚ್ಚುಗಳ ಲೆಕ್ಕವನ್ನು ತಾಯಿಯಿಂದ ಮುಚ್ಚಿಡುತ್ತಾಳೆ. ದೀಪ ಹಚ್ಚಿದ ಮೇಲೆ ಆ ಕೆರೆಯಲ್ಲಿ ಯಾರೂ ಕೊಡ ಮುಳುಗಿಸಬಾರದೆಂಬ ಕಟ್ಟು ಊರಿನಲ್ಲಿದೆ; ಏಕೆಂದು ಯಾರೂ ಹೇಳುವುದಿಲ್ಲ.

ನಾನು ಪೆನ್ಸಿಲ್ ಹಿಡಿದು ಕುಳಿತೆ. ‘ಇಲ್ಲಿ ಕಥೆ ನಿಂತಿದೆ’, ‘ಬೆಲ್ಲದ ವಿಷಯ ಬೇಡ’, ‘ಬೇಗ ಕೆರೆಗೆ ಇಳಿಸು’ ಎಂದು ಅಂಚಿನುದ್ದಕ್ಕೂ ಬರೆದೆ. ಆಮೇಲೆ ಅವನನ್ನು ಕರೆದು, ‘ಏನಪ್ಪ, ಇಷ್ಟು ನಿಧಾನವಾದರೆ ಯಾರು ಓದುತ್ತಾರೆ?’ ಎಂದೂ ಕೇಳಿದೆ. ಹುಡುಗ ವಿಧೇಯ. ಮೂರು ತಿಂಗಳಲ್ಲಿ ಹೊಸ ಪ್ರತಿ ತಂದ. ಈಗ ಹುಡುಗಿ ಮೂರನೆಯ ಪುಟದಲ್ಲಿಯೇ ನೀರಿಗೆ ಹಾರುತ್ತಾಳೆ. ಏಳನೆಯ ಪುಟದಲ್ಲಿ ಹೆಡೆಯೆತ್ತಿದ ಸರ್ಪ, ಹದಿನೈದರಲ್ಲಿ ಕಲ್ಲಿನ ಸೈನಿಕರು, ಇಪ್ಪತ್ತೆರಡರಲ್ಲಿ ಬೆಂಕಿಯ ಬಾವಿ. ಪ್ರತಿಯೊಂದು ಅಧ್ಯಾಯದ ಕೊನೆಗೂ ಅವಳ ಪ್ರಾಣಕ್ಕೆ ಸಂಚಕಾರ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಬೆಳಗ್ಗೆ ಎದ್ದಾಗ ತಮ್ಮನ ಹೆಸರು ನೆನಪಿರಲಿಲ್ಲ. ಮೊದಲ ಪ್ರತಿಯಲ್ಲಿ ಅವನು ಬೆಲ್ಲ ತಿಂದ ಬಾಯನ್ನು ಒರೆಸಿಕೊಳ್ಳುತ್ತಿದ್ದ ರೀತಿ ಮಾತ್ರ ಚೆನ್ನಾಗಿ ನೆನಪಿತ್ತು. ನಾನು ಹೊಡೆದುಹಾಕಿಸಿದ ಭಾಗ ಅದು.

ಅಂದಿನಿಂದ ಈ ವಿಷಯವನ್ನು ಯೋಚಿಸುತ್ತ ಬಂದಿದ್ದೇನೆ. ಸರ್ಪವನ್ನು ಕಂಡಾಗ ನನಗೇಕೆ ಭಯವಾಗಲಿಲ್ಲ? ಸರ್ಪದ ವರ್ಣನೆಯಲ್ಲಿ ಕೊರತೆಯಿರಲಿಲ್ಲ. ಆದರೆ ಆ ಹುಡುಗಿ ಸತ್ತರೆ ಏನು ನಷ್ಟ ಎಂಬುದು ನನಗೆ ತಿಳಿದಿರಲಿಲ್ಲ. ಸಾಹಸವೆಂದರೆ ಅಪಾಯವನ್ನು ಎದುರಿಸುವುದಷ್ಟೇ ಅಲ್ಲ. ಪ್ರಿಯವಾದದ್ದೇನನ್ನೋ ಪಣವಾಗಿ ಒಡ್ಡಿ ಎದುರಿಸುವುದು. ಒಡ್ಡಿದ ಪಣ ಎಷ್ಟೆಂದು ತಿಳಿಯದ ಜೂಜನ್ನು ನೋಡುತ್ತ ನಿಂತವನಿಗೆ ಎದೆ ಹೊಡೆದುಕೊಳ್ಳುವುದಿಲ್ಲ. ಆ ಅರುವತ್ತು ಪುಟಗಳಲ್ಲಿ ಹುಡುಗ ಪಣವನ್ನು ಎಣಿಸಿ ಇಡುತ್ತಿದ್ದ. ಕಥೆ ನಿಂತಿದೆ ಎಂದು ನಾನು ತಿಳಿದೆ.

ನಮ್ಮ ಪ್ರಾಚೀನರು ಈ ಮಾತನ್ನು ಬೇರೊಂದು ಪರಿಭಾಷೆಯಲ್ಲಿ ಹೇಳಿದ್ದಾರೆ. ವೀರಕ್ಕೆ ಸ್ಥಾಯಿ ಉತ್ಸಾಹ. ಅದ್ಭುತಕ್ಕೆ ಸ್ಥಾಯಿ ವಿಸ್ಮಯ. ಇವು ಎರಡು ಬೇರೆ ರಸಗಳು. ಉತ್ಸಾಹಕ್ಕೆ ಓಟ ಒಗ್ಗಬಹುದು. ವಿಸ್ಮಯಕ್ಕೆ ಮೊದಲು ಬೇಕಾದದ್ದು ನಿತ್ಯದ ಬದುಕು. ದಿನವೂ ನೋಡಿದ ಕೆರೆಯಿಂದ ಒಂದು ರಾತ್ರಿ ಗಂಟೆ ಕೇಳಿಸಿದರೆ ವಿಸ್ಮಯ. ಎಂದೂ ನೋಡದ ಕೆರೆಯಿಂದ ಏನು ಕೇಳಿಸಿದರೂ ಅದು ಬರಿಯ ಸುದ್ದಿ. ಒಂಬತ್ತನೆಯ ಶತಮಾನದ ಆನಂದವರ್ಧನ ತನ್ನ ‘ಧ್ವನ್ಯಾಲೋಕ’ದಲ್ಲಿ ರಸಕ್ಕೆ ವಿರೋಧಿಗಳಾದ ದೋಷಗಳನ್ನು ಪಟ್ಟಿಮಾಡಿದ್ದಾನೆ. ಸಮಯವಲ್ಲದ ಸಮಯದಲ್ಲಿ ರಸವನ್ನು ಕತ್ತರಿಸುವುದು ಒಂದು. ಸಮಯ ಬರುವ ಮೊದಲೇ ಅದನ್ನು ಪ್ರಕಟಿಸುವುದು ಇನ್ನೊಂದು. ಪರಿಪುಷ್ಟವಾದ ರಸವನ್ನೇ ಮತ್ತೆ ಮತ್ತೆ ಕೆದಕಿ ಉದ್ದೀಪಿಸುವುದು ಮತ್ತೊಂದು. ಇಂದಿನ ಓಟದ ಕಥೆಗಳಲ್ಲಿ ಎರಡನೆಯ ದೋಷವೂ ಮೂರನೆಯ ದೋಷವೂ ಕೈಕೈ ಹಿಡಿದು ನಡೆಯುತ್ತವೆ. ಅದ್ಭುತ ಅಕಾಲದಲ್ಲಿ ಹುಟ್ಟುತ್ತದೆ. ಹುಟ್ಟಿದ ಮೇಲೆ ಪುಟಪುಟಕ್ಕೂ ಅದನ್ನು ಚಿವುಟಿ ಅಳಿಸುತ್ತಾರೆ.

‘ಕಾಲ ಬದಲಾಗಿದೆ ಸ್ವಾಮಿ’ ಎಂದು ಇದಕ್ಕೆ ಉತ್ತರ ಬರುತ್ತದೆ. ‘ಕಾಶ್ಮೀರದ ಪಂಡಿತನನ್ನು ಬಿಡಿ, ಇಂದಿನ ಓದುಗ ಟೋಲ್ಕಿನ್ನನನ್ನು ಓದುತ್ತಾನೆ, ಪಾಶ್ಚಾತ್ಯ ಸಾಹಸಕಥೆಗಳ ವೇಗಕ್ಕೆ ಒಗ್ಗಿದ್ದಾನೆ.’ ಹಾಗೆ ಹೇಳುವವರು ಟೋಲ್ಕಿನ್ನನ ಪುಸ್ತಕ ಓದಿದ್ದಾರೋ, ಸಿನಿಮಾ ಮಾತ್ರ ನೋಡಿದ್ದಾರೋ ಎಂದು ನನಗೆ ಅನುಮಾನ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಲೋಕವನ್ನೇ ನುಂಗಬಲ್ಲ ಉಂಗುರದ ಕಥೆ ಅದು. ಆದರೆ ಆರಂಭವಾಗುವುದು ಯುದ್ಧದಿಂದಲ್ಲ, ಮುದುಕನೊಬ್ಬನ ನೂರ ಹನ್ನೊಂದನೆಯ ಹುಟ್ಟುಹಬ್ಬದ ಔತಣದಿಂದ. ಯಾರನ್ನು ಕರೆದರು, ಯಾರಿಗೆ ಯಾವ ಉಡುಗೊರೆ ಕೊಟ್ಟರು, ಊರಿನವರು ಏನೇನು ಆಡಿಕೊಂಡರು ಎಂದು ಕಥೆ ಸಾವಧಾನವಾಗಿ ನಡೆಯುತ್ತದೆ. ಉಂಗುರ ಕೈಗೆ ಬಂದ ಫ್ರೋಡೋ ಊರು ಬಿಡುವುದು ಆ ಔತಣವಾಗಿ ಹದಿನೇಳು ವರ್ಷಗಳ ಮೇಲೆ. 2001ರ ಚಲನಚಿತ್ರ ಆ ಹದಿನೇಳು ವರ್ಷಗಳನ್ನು ನುಂಗಿಬಿಟ್ಟಿತು. ಚಿತ್ರದ ಅಗತ್ಯ ಬೇರೆ, ಅದಕ್ಕೆ ನನ್ನ ತಕರಾರಿಲ್ಲ. ಪುಸ್ತಕ ಬರೆಯುವವರು ಚಿತ್ರವನ್ನು ನೋಡಿ ಪುಸ್ತಕದ ನಡೆಯನ್ನು ಕಲಿತೆವೆಂದು ತಿಳಿಯುವುದಕ್ಕೆ ಮಾತ್ರ ತಕರಾರಿದೆ. ಮುಂದೆ ಎಲ್ರಾಂಡನ ಮನೆಯಲ್ಲಿ ಒಂದು ಸಭೆ ಸೇರುತ್ತದೆ. ಅದು ಬಹು ದೀರ್ಘವಾದ ಅಧ್ಯಾಯ; ಅದರಲ್ಲಿ ಎಲ್ಲರೂ ಕುಳಿತು ಮಾತಾಡುತ್ತಾರೆ, ಬೇರೇನೂ ನಡೆಯುವುದಿಲ್ಲ. ನಾನಾಗಿದ್ದರೆ ಅಂಚಿನಲ್ಲಿ ‘ಇಲ್ಲಿ ಕಥೆ ನಿಂತಿದೆ’ ಎಂದು ಬರೆಯುತ್ತಿದ್ದೆ. ಆದರೆ ಆ ಮಾತುಕತೆಯ ಕೊನೆಗೆ ಉಂಗುರವನ್ನು ತಾನೇ ಒಯ್ಯುವೆನೆಂದು ಫ್ರೋಡೋ ಒಪ್ಪಿಕೊಳ್ಳುವ ಗಳಿಗೆಯಿದೆಯಲ್ಲ, ಇಡೀ ಗ್ರಂಥದ ಸಾಹಸ ಅದರಲ್ಲಿದೆ. ಆ ಪುಟ್ಟ ಮನುಷ್ಯ ಏನನ್ನು ಹೊರಲು ಒಪ್ಪುತ್ತಿದ್ದಾನೆಂಬುದು ಅಷ್ಟು ಹೊತ್ತು ಕೇಳಿಸಿಕೊಂಡ ನಮಗೆ ಗೊತ್ತು.

ಅರ್ಸುಲಾ ಲೆ ಗ್ವಿನ್ ಎಂಬ ಅಮೆರಿಕದ ಲೇಖಕಿ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಇನ್ನೂ ಒಳ್ಳೆಯ ಸಾಕ್ಷಿ. ಗೆಡ್ ಎಂಬ ಹುಡುಗ ಒಬ್ಬ ಮೌನಿ ಗುರುವಿನ ಬಳಿ ಮಂತ್ರವಿದ್ಯೆ ಕಲಿಯಲು ಸೇರುತ್ತಾನೆ. ಗುರು ಅವನನ್ನು ಕಾಡಿನಲ್ಲಿ ನಡೆಸುತ್ತಾನೆ, ಗಿಡಮೂಲಿಕೆಗಳ ಹೆಸರು ಹೇಳಿಕೊಡುತ್ತಾನೆ, ಮಳೆ ಬಂದರೆ ತಡೆಯುವ ಮಂತ್ರ ಗೊತ್ತಿದ್ದೂ ಸುಮ್ಮನೆ ನೆನೆಯುತ್ತಾನೆ. ಹುಡುಗನಿಗೆ ತಾಳ್ಮೆಯಿಲ್ಲ. ಪಾಠ ಯಾವಾಗ ಶುರುವಾಗುತ್ತದೆ ಎಂದು ಕೇಳುತ್ತಾನೆ. ಆಗಲೇ ಶುರುವಾಗಿದೆ ಎಂದು ಗುರುವಿನ ಉತ್ತರ. ಆ ಅಸಹನೆಯೇ ಮುಂದೆ ಅಹಂಕಾರವಾಗಿ ಬೆಳೆದು, ಹುಡುಗ ಶಕ್ತಿಪ್ರದರ್ಶನಕ್ಕೆಂದು ಸತ್ತವರ ಲೋಕದ ಕದವನ್ನು ತೆರೆಯುತ್ತಾನೆ. ಅಲ್ಲಿಂದ ಒಂದು ಕರಿಯ ನೆರಳು ಹೊರಬಿದ್ದು ಅವನ ಬೆನ್ನುಹತ್ತುತ್ತದೆ. ಮೊದಲು ಅವನು ಅದರಿಂದ ಓಡುತ್ತಾನೆ; ಆಮೇಲೆ ಅದೇ ಗುರುವಿನ ಮಾತು ಕೇಳಿ ತಿರುಗಿ ನಿಂತು ತಾನೇ ಅದನ್ನು ಅಟ್ಟಿಕೊಂಡು ಹೋಗುತ್ತಾನೆ. ಕೊನೆಯಲ್ಲಿ ದೊಡ್ಡ ಕಾಳಗವಿಲ್ಲ. ನೆರಳನ್ನು ತನ್ನ ಹೆಸರಿನಿಂದಲೇ ಕರೆಯುತ್ತಾನೆ. ಸಾಹಸ ಓಡುವುದರಲ್ಲಿರಲಿಲ್ಲ, ತಿರುಗಿ ನಿಲ್ಲುವುದರಲ್ಲಿತ್ತು.

ಪಾಶ್ಚಾತ್ಯರ ಮಾತು ಸಾಕು. ನಮ್ಮ ಮನೆಯ ಬೇತಾಳನನ್ನೇ ನೋಡೋಣ. ಹನ್ನೊಂದನೆಯ ಶತಮಾನದಲ್ಲಿ ಸೋಮದೇವ ‘ಕಥಾಸರಿತ್ಸಾಗರ’ದೊಳಗೆ ಸೇರಿಸಿದ ಆ ಇಪ್ಪತ್ತೈದು ಕಥೆಗಳನ್ನು ನನ್ನ ಪ್ರಾಯದವರು ಓದಿದ್ದು ‘ಚಂದಮಾಮ’ದಲ್ಲಿ. ಅಲ್ಲಿ ಹೊರಗಿನ ಕಥೆ ಎಷ್ಟು? ರಾಜ ಮರ ಹತ್ತುತ್ತಾನೆ, ಹೆಣವನ್ನು ಹೆಗಲಿಗೇರಿಸುತ್ತಾನೆ, ನಡೆಯುತ್ತಾನೆ. ಮಾತಾಡಿದೊಡನೆ ಹೆಣ ಮತ್ತೆ ಮರಕ್ಕೆ ಹಾರುತ್ತದೆ. ಇದೇ ಮತ್ತೆ ಮತ್ತೆ. ಇಂದಿನ ಯಾವ ಕಮ್ಮಟದಲ್ಲಿಯೂ ಇದು ತೇರ್ಗಡೆಯಾಗುವುದಿಲ್ಲ. ಆದರೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂಬ ಇಕ್ಕಟ್ಟಿನಲ್ಲಿ ರಾಜ ಬಾಯಿ ತೆರೆಯುವ ಮುಂಚಿನ ಆ ಒಂದು ಕ್ಷಣಕ್ಕಾಗಿ ನಾವು ತಿಂಗಳುಗಟ್ಟಲೆ ಕಾದಿದ್ದೇವೆ. ಆ ಕ್ಷಣದಲ್ಲಿ ಕತ್ತಿಯ ಕೆಲಸವಿಲ್ಲ. ಕತ್ತಿ ಅವನ ಕೈಯಲ್ಲಿಯೇ ಇದ್ದರೂ ಪ್ರಯೋಜನವಿಲ್ಲ. ಅದಕ್ಕಿಂತ ದೊಡ್ಡ ಸಾಹಸ ಯಾವುದು?

ಕರಾವಳಿಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ, ಥಟ್ಟನೆ ರಂಗಕ್ಕೆ ನೆಗೆದು ಬರುವುದಿಲ್ಲ. ಮೊದಲು ಚೆಂಡೆ; ಆಮೇಲೆ ತೆರೆ; ತೆರೆಯ ಮೇಲೆ ಕಿರೀಟದ ತುದಿ; ಒಂದಿಷ್ಟು ಕುಣಿತ; ಮತ್ತೆ ಮರೆ. ಕೊನೆಗೆ ತೆರೆ ಸರಿದು ಇಡೀ ಮುಖ ಬೆಳಕಿಗೆ ಬಂದಾಗ ತೊಡೆಯ ಮೇಲಿನ ಮಗು ಕಿಟಾರನೆ ಕಿರುಚಿಕೊಳ್ಳುತ್ತದೆ. ಈಗ ಕಾಲಮಿತಿಯ ಆಟಗಳು ಬಂದಿವೆ. ರಾತ್ರಿಯಿಡೀ ಕೂರಲಾರದ ನಮ್ಮಂಥವರಿಗೆ ಅದು ಅನುಕೂಲವೇ. ಆದರೆ ಕಾಲವನ್ನು ಉಳಿಸುವ ಭರದಲ್ಲಿ ಮೊದಲು ಕತ್ತರಿ ಬೀಳುವುದು ಈ ಪ್ರವೇಶಕ್ಕೇ ಆದರೆ, ಉಳಿದ ಮೂರು ಗಂಟೆ ರಾಕ್ಷಸನು ಎಷ್ಟು ಗರ್ಜಿಸಿದರೂ ಆ ಮಗು ನಿದ್ದೆಯಿಂದ ಏಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದ ದೌರ್ಬಲ್ಯವನ್ನೂ ಒಪ್ಪಿಕೊಳ್ಳಬೇಕು. ನಿಧಾನವೆಲ್ಲ ಗುಣವಲ್ಲ. ಕನ್ನಡ ಅಧ್ಯಾಪಕನಾಗಿ ನಾನು ಅಷ್ಟಾದಶ ವರ್ಣನೆಗಳ ಚಂಪೂಕಾವ್ಯಗಳನ್ನು ಪಾಠ ಹೇಳಿದವನು. ಕಥಾನಾಯಕ ಆತುರದಲ್ಲಿರುವಾಗ ಕವಿ ಚಂದ್ರೋದಯವನ್ನೂ ಜಲಕ್ರೀಡೆಯನ್ನೂ ಮುಗಿಸಿಯೇ ಮುಂದೆ ಹೋಗುತ್ತೇನೆಂದು ಹಟ ಹಿಡಿದರೆ ವಿದ್ಯಾರ್ಥಿಗಳ ಮುಖ ಹೇಗಾಗುತ್ತದೆಂದು ಬಲ್ಲೆ. ಹೇಗೋ ಸಂಬಂಧವಿದೆಯೆಂದು ಬೇರೊಂದು ವಸ್ತುವನ್ನು ವಿಸ್ತಾರವಾಗಿ ವರ್ಣಿಸುವುದನ್ನೂ ಆನಂದವರ್ಧನ ದೋಷದ ಪಟ್ಟಿಗೇ ಸೇರಿಸಿದ್ದಾನೆ. ಇಂದಿನ ಅದ್ಭುತ ಕಥೆಗಾರರಲ್ಲಿಯೂ ಈ ಜಾಡ್ಯ ಹಿಡಿದವರಿದ್ದಾರೆ. ತಾವು ಕಲ್ಪಿಸಿದ ದೇಶದ ಭೂಪಟ, ಹದಿನಾಲ್ಕು ತಲೆಮಾರಿನ ರಾಜರ ವಂಶಾವಳಿ, ನಾಣ್ಯಗಳ ತೂಕ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕಥೆಯನ್ನು ಬಾಗಿಲಲ್ಲಿ ನಿಲ್ಲಿಸಿರುತ್ತಾರೆ. ಅದು ನಿಧಾನದ ನಡಿಗೆಯಲ್ಲ, ನಿಂತ ನಿಲುವು.

ಹಾಗಾದರೆ ಎರಡನ್ನೂ ಬೇರ್ಪಡಿಸುವ ಒರೆಗಲ್ಲು ಯಾವುದು? ನನಗೆ ತೋರುವುದು ಇಷ್ಟೆ: ಈ ಪುಟವನ್ನು ತೆಗೆದರೆ ಮುಂದಿನ ಅಪಾಯದ ಭಾರ ಕಡಿಮೆಯಾಗುತ್ತದೆಯೆ? ಆಗುವುದಾದರೆ ಪುಟ ಇರಲಿ, ಅದರಲ್ಲಿ ಬೆಲ್ಲದ ಅಚ್ಚು ಎಣಿಸುವುದಷ್ಟೇ ಇದ್ದರೂ ಇರಲಿ. ಆಗದಿದ್ದರೆ ಅದರಲ್ಲಿ ಮೂರು ಕಾಳಗಗಳಿದ್ದರೂ ಹೊಡೆದುಹಾಕಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಕಾದಂಬರಿ. ಅದು ಫ್ಯಾಂಟಸಿಯಲ್ಲ, ಆದರೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಸಾಹಸ. ಓತಿಯ ದಾರಿ ಹಿಡಿಯುವ ಮುಂಚೆ ಎಷ್ಟು ಪುಟ ಜೇನಿನ ವ್ಯವಹಾರ, ಎಷ್ಟು ಪುಟ ಮಂದಣ್ಣನ ಮದುವೆಯ ತಾಪತ್ರಯ! ಅವಸರದ ತೀರ್ಪುಗಾರ ಅವನ್ನೆಲ್ಲ ತೆಗೆಸುತ್ತಿದ್ದ. ತೆಗೆದಿದ್ದರೆ, ಬಂಡೆಯಂಚಿನಲ್ಲಿ ಆ ಓತಿ ಕಣಿವೆಯ ಕಡೆಗೆ ತೇಲಿಹೋದಾಗ ಮಂದಣ್ಣನ ಪಕ್ಕದಲ್ಲಿ ನಾವು ನಿಂತಿರುತ್ತಿರಲಿಲ್ಲ. ದೂರದಿಂದ ಒಂದು ಪ್ರಾಣಿಯನ್ನು ನೋಡುತ್ತಿದ್ದೆವು, ಅಷ್ಟೆ.

‘ಓದುಗನಿಗೆ ಪುರಸೊತ್ತಿಲ್ಲ’ ಎಂಬುದು ಕೊನೆಯ ಆಕ್ಷೇಪಣೆ. ಕೈಯಲ್ಲಿ ಮೊಬೈಲ್ ಇದೆ. ಒಂದು ಪುಟ ಬೇಸರವಾದರೆ ಓದುಗ ಹೊರಟುಹೋಗುತ್ತಾನೆ. ನಿಜ. ಆದರೆ ಓಟದಲ್ಲಿ ಮೊಬೈಲನ್ನು ಸೋಲಿಸುವ ಕಥೆಗಾರ ಇನ್ನೂ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅದು ಕೊಡಲಾರದ್ದನ್ನು ಕೊಡುವುದೊಂದೇ ನಮಗಿರುವ ದಾರಿ. ನನ್ನ ತರಗತಿಯಲ್ಲಿ ಟೋಲ್ಕಿನ್ನನ ಸಾವಿರ ಪುಟಗಳನ್ನು ಓದಿದ ಹುಡುಗರಿದ್ದಾರೆ; ಮೊಬೈಲ್ ಅವರ ಕೈಯಲ್ಲಿಯೂ ಇದೆ. ಆ ಸಾವಿರ ಪುಟಗಳಿಗೆ ಪುರಸೊತ್ತು ಎಲ್ಲಿಂದ ಬಂತು? ಓದುಗನಿಗೆ ತಾಳ್ಮೆಯಿಲ್ಲವೆಂದು ನಾವು ಮೊದಲೇ ತೀರ್ಮಾನಿಸಿ, ತಾಳ್ಮೆ ಬೇಡದ ಕಥೆಯನ್ನು ಬರೆಸಿ, ಅದನ್ನು ಅವನು ಅರ್ಧಕ್ಕೆ ಬಿಟ್ಟಾಗ ‘ನೋಡಿ, ತಾಳ್ಮೆಯಿಲ್ಲ’ ಎನ್ನುತ್ತೇವೆ. ಅರ್ಧಕ್ಕೆ ಬಿಡುವುದಕ್ಕೆ ಕಾರಣ ಬೇರೆಯೇ ಇರಬಹುದು. ಎದೆಗೆ ತಾಗದ ಅಪಾಯವನ್ನು ಹತ್ತು ಸಲ ಓದುವುದು ಯಾರಿಗಾದರೂ ಬೇಸರದ ಕೆಲಸವೇ.

ಕೊನೆಯದಾಗಿ ಒಂದು ಕಥೆಯನ್ನು ನೆನಪಿಸುತ್ತೇನೆ. ಕನ್ನಡ ಹೆಂಗಸರು ಹೇಳುತ್ತ ಬಂದದ್ದು, ಎ. ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ಒಯ್ದದ್ದು. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರವಾಗಿಸಿದ್ದು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ 2006ರಲ್ಲಿ ಗೀತನಾಟಕವಾಗಿಸಿದ್ದು. ಬಡ ಹುಡುಗಿಯೊಬ್ಬಳಿಗೆ ಹೂವಿನ ಮರವಾಗುವ ವಿದ್ಯೆ ಗೊತ್ತಿದೆ. ಒಂದು ಬಿಂದಿಗೆ ನೀರು ಸುರಿದರೆ ಮರವಾಗುತ್ತಾಳೆ; ಚಿಗುರು ನೋಯದಂತೆ ಹೂ ಬಿಡಿಸಿಕೊಂಡು ಎರಡನೆಯ ಬಿಂದಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ನನ್ನ ಸೋದರತ್ತೆ ಮಲ್ಲಿಗೆ ಕಟ್ಟುತ್ತ ಈ ಕಥೆ ಹೇಳುತ್ತಿದ್ದರು. ಬಿಂದಿಗೆಯ ಮಾತು ಬಂದಾಗಲೆಲ್ಲ ಅದೇ ಮಾತುಗಳನ್ನು ಅದೇ ಕ್ರಮದಲ್ಲಿ ಪೂರ್ತಿಯಾಗಿ ಹೇಳುವರು. ‘ಅದು ಗೊತ್ತು ಅತ್ತೆ, ಮುಂದೆ ಹೇಳಿ’ ಎಂದರೆ ‘ಗೊತ್ತಿದ್ದರೆ ನೀನೇ ಹೇಳು’ ಎಂದು ಸುಮ್ಮನಾಗುವರು. ಹುಡುಗಿ ರಾಜಕುಮಾರನನ್ನು ಮದುವೆಯಾಗುತ್ತಾಳೆ. ನಾದಿನಿ ಗೆಳತಿಯರ ಮುಂದೆ ಅವಳನ್ನು ಬಲವಂತದಿಂದ ಮರವಾಗಿಸುತ್ತಾಳೆ. ಆ ಹುಡುಗಿಯರು ಕೊಂಬೆ ಮುರಿದು ಹೂ ಕಿತ್ತು, ಮನೆಗೆ ಹೋಗುವ ಅವಸರದಲ್ಲಿ ಎರಡನೆಯ ಬಿಂದಿಗೆಯನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಅರ್ಧ ದೇಹವಾಗಿ ನೆಲದ ಮೇಲೆ ಉಳಿಯುತ್ತಾಳೆ.

ಆ ಘಟ್ಟ ಬಂದಾಗ ನಾವು ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದೆವು. ನೀರನ್ನು ಹೇಗೆ ಸುರಿಯಬೇಕೆಂಬುದು ಅಷ್ಟು ಹೊತ್ತಿಗೆ ನಮಗೆ ಬಾಯಿಪಾಠವಾಗಿತ್ತು. ಆದ್ದರಿಂದಲೇ ಚೆಲ್ಲಿದ ನೀರು ನಮ್ಮನ್ನು ಬೆದರಿಸಿತು. ಅತ್ತೆ ಮೊದಲ ಸಲವೇ ಆ ವಿವರವನ್ನು ಹಾರಿಸಿದ್ದರೆ ನಾದಿನಿ ಮಾಡಿದ ಅನ್ಯಾಯವೇನೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಕಥೆಯ ಓಟಕ್ಕಾಗಿ ಕೊಂಬೆ ಮುರಿಯುವ ನಾವು, ಉಪದೇಶಕರು, ತೀರ್ಪುಗಾರರು, ಆ ನಾದಿನಿಯ ಗೆಳತಿಯರ ಸಾಲಿಗೆ ಸೇರಿದವರು.

ಆ ವಿದ್ಯಾರ್ಥಿಯನ್ನು ಈಚೆಗೆ ಕರೆಸಿದೆ. ‘ಮೊದಲ ಪ್ರತಿ ಇದೆಯೇನಪ್ಪ?’ ಎಂದು ಕೇಳಿದೆ. ‘ಕಂಪ್ಯೂಟರಿನಿಂದ ಅಳಿಸಿಬಿಟ್ಟೆ ಸಾರ್, ನೀವು ಬೇಡವೆಂದಿರಲ್ಲ’ ಎಂದ. ಪುಣ್ಯಕ್ಕೆ ಅವನು ಅಚ್ಚು ಹಾಕಿಸಿ ತಂದುಕೊಟ್ಟಿದ್ದ ಕಟ್ಟು ನನ್ನ ಬೀರುವಿನಲ್ಲಿಯೇ ಇತ್ತು. ಎರಡು ಸಂಜೆ ಕುಳಿತು ಅಂಚಿನಲ್ಲಿ ಬರೆದಿದ್ದ ಪೆನ್ಸಿಲ್ ಗುರುತುಗಳನ್ನು ರಬ್ಬರಿನಿಂದ ಉಜ್ಜಿ ತೆಗೆದೆ. ಒಂದನ್ನು ಮಾತ್ರ ಉಳಿಸಿದೆ. ಅದು ಕಾಗುಣಿತದ ತಪ್ಪು. ಕಟ್ಟನ್ನು ಅವನಿಗೆ ಹಿಂದಿರುಗಿಸಿದ್ದೇನೆ. ಇದನ್ನು ಓದುವ ತೀರ್ಪುಗಾರ ಮಿತ್ರರ ಮೇಜಿನ ಮೇಲೆ ಮುಂದೆಂದಾದರೂ ಕೆರೆಯ ಕಥೆಯೊಂದು ಬಂದರೆ, ಅರುವತ್ತನೆಯ ಪುಟದವರೆಗೆ ಕಾಯಬೇಕೆಂದು ನನ್ನ ವಿನಂತಿ.